ಬ್ಯಾಗಿನೊಳಗಿನ ಚಾಕು ಯಾರನ್ನು ಹೆದರಿಸುತ್ತದೆ?

ಕಳೆದ ಸಂಚಿಕೆಯ ಪ್ರಶ್ನೆ: ನಾನು ಔಷಧಿ ಅಂಗಡಿ ನಡೆಸುತ್ತೇನೆ. ರಾತ್ರಿ ಹತ್ತಕ್ಕೆ ಷಟರ್ ಎಳೆದು, ದಿನದ ಕಲೆಕ್ಷನ್ ಹಿಡಿದು ಸ್ಕೂಟರಿನಲ್ಲಿ ಮನೆಗೆ ಬರುವಾಗ ಬೈಕೊಂದು ಹಿಂದೆಯೇ ಬರುತ್ತದೆ. ತಮ್ಮ ಮಡಚುವ ಚಾಕು ತಂದುಕೊಟ್ಟಿದ್ದಾನೆ. ತೋರಿಸಿದರೆ ಹೆದರಿಯಾರೇ?

ಸಹೋದರಿ, ಚಾಕು ಇರುವುದು ನಿಮಗೊಬ್ಬರಿಗೇ ಗೊತ್ತು. ಗೊತ್ತಿಲ್ಲದ ವಸ್ತುವಿಗೆ ಅವರೇಕೆ ಹೆದರುತ್ತಾರೆ? ಜಿಪ್ ತೆಗೆದು, ತಡಕಾಡಿ, ಮಡಿಕೆ ಬಿಡಿಸುವಷ್ಟರಲ್ಲಿ ಅವರು ಮೈಮೇಲೆ ಬಂದಿರುತ್ತಾರೆ. ಇಬ್ಬರಿದ್ದರಂತೂ ಅದು ಅವರ ಕೈ ಸೇರುವ ಭಯವೇ ಹೆಚ್ಚು. ಸುಲಿಗೆಗೆ ಹೊಂಚು ಹಾಕುವವರು ಮೊದಲು ನೋಡುವುದು ನಿಮ್ಮ ದಿನಚರಿಯನ್ನು: ಷಟರ್ ಎಷ್ಟು ಹೊತ್ತಿಗೆ ಬೀಳುತ್ತದೆ, ಜೊತೆಗೆ ಯಾರಿದ್ದಾರೆ, ಕತ್ತಲೆ ಎಲ್ಲಿದೆ. ಆ ಲೆಕ್ಕವನ್ನೇ ಕೆಡಿಸಿ. ಸಂಜೆಯೊಳಗೇ ಹಣವನ್ನು ಬ್ಯಾಂಕಿನ ಡೆಪಾಸಿಟ್ ಯಂತ್ರಕ್ಕೆ ಹಾಕಿ, ರಾತ್ರಿ ಖಾಲಿ ಕೈಯಲ್ಲಿ ಹೊರಡುವುದು ಅಕ್ಕಪಕ್ಕದವರ ಕಣ್ಣಿಗೂ ಬೀಳಲಿ. ಪಕ್ಕದ ಬೇಕರಿಯವರ ಜೊತೆಗೇ ಬಾಗಿಲು ಹಾಕಿ. ಬೈಕು ಹಿಂದೆ ಬಿದ್ದರೆ ಮನೆಯ ಕಡೆ ತಿರುಗಲೇಬೇಡಿ. ಪೆಟ್ರೋಲ್ ಬಂಕಿಗೆ ನುಗ್ಗಿ, ಹಾರ್ನ್ ಬಿಡದೆ ಒತ್ತಿ, 112ಕ್ಕೆ ಕರೆ ಮಾಡಿ. ಬೈಕಿನ ನಂಬರನ್ನು ಈಗಲೇ ಠಾಣೆಗೆ ಬರೆದುಕೊಡಿ. ಬ್ಯಾಗಿಗೆ ಕೈ ಹಾಕಿದರೆ ಬಿಟ್ಟುಬಿಡಿ. ಸ್ಕೂಟರಿನಿಂದ ಎಳೆದು ಬೀಳಿಸಿಕೊಂಡು ತಲೆಗೆ ಪೆಟ್ಟು ಮಾಡಿಕೊಳ್ಳುವಷ್ಟು ಬೆಲೆ ಯಾವ ಕಲೆಕ್ಷನ್ನಿಗೂ ಇಲ್ಲ.
— ನಿವೃತ್ತ ಪೊಲೀಸ್ ಸಿಬ್ಬಂದಿ, ಹಾಸನ

ಅಕ್ಕಾವ್ರೇ, ನಾನಂತೂ ಚಾಕು ಇಟ್ಟುಕೊಳ್ಳಿ ಅಂತೀನಿ. ತೋರಿಸೋಕಲ್ಲ. ಜೊತೆಗೊಂದು ಆಸರೆ ಇದೆ ಅಂದ್ರೆ ತಲೆ ಎತ್ತಿ ನಡೀತೀವಿ, ಎದುರಿನವರ ಮುಖ ನೋಡ್ತೀವಿ. ಬೆದರಿದವರನ್ನ ದೂರದಿಂದಲೇ ಗುರುತು ಹಿಡೀತಾರೆ ಅವರು.
— ಹೂವಿನ ವ್ಯಾಪಾರಿ, ಗದಗ

ಕಾನೂನಿನ ಮಾತು ಹೇಳುತ್ತೇನೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ನಿಮಗೆ ಆತ್ಮರಕ್ಷಣೆಯ ಹಕ್ಕು ಕೊಟ್ಟಿವೆ. ಪ್ರಾಣಕ್ಕೋ ಮಾನಕ್ಕೋ ಕುತ್ತು ಬಂದಾಗ ತಿರುಗಿಬೀಳಬಹುದು. ಆದರೆ ತಡೆಯಲು ಬೇಕಾದುದಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ; ಮೇಲೆ ಬಿದ್ದವನು ಬೆನ್ನು ತಿರುಗಿಸಿ ಓಡಿದ ಮೇಲೆ ಇರಿದರೆ ಆರೋಪಿ ನೀವೇ. ಹಿಂದೆ ಬಂದನೆಂಬ ಸಂಶಯಕ್ಕೇ ಚಾಕು ಝಳಪಿಸಿದರೂ ಬೆದರಿಕೆಯ ಕೇಸು ಬೀಳಬಹುದು. ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲವಿದ್ದರೆ, ಮನೆಗೆಲಸ ಬೇಸಾಯದ ಕತ್ತಿಗಳನ್ನು ಬಿಟ್ಟು, ಅದು 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿರುವ ಆಯುಧಗಳ ಪಟ್ಟಿಗೆ ಸೇರುತ್ತದೆ. ತಮ್ಮ ಕೊಟ್ಟದ್ದನ್ನು ಮೊದಲು ಅಳೆದು ನೋಡಿ. ಪೆಪ್ಪರ್ ಸ್ಪ್ರೇಗೆ ಲೈಸೆನ್ಸ್ ಬೇಡ, ಹಾಗೆಂದು ಜಗಳಕ್ಕೆಲ್ಲ ಬಳಸುವಂತಿಲ್ಲ. ಪ್ರಾಣಾಪಾಯವಿಲ್ಲದ ಜಗಳದಲ್ಲಿ ಎರಚಿದ ಪ್ರಕರಣವೊಂದನ್ನು ರದ್ದುಪಡಿಸಲು 2024ರಲ್ಲಿ ಕರ್ನಾಟಕ ಹೈಕೋರ್ಟ್ ಒಪ್ಪಲಿಲ್ಲ.
— ವಕೀಲರು, ಧಾರವಾಡ

ರಾತ್ರಿ ಪಾಳಿ ಮುಗಿಸಿ ಬರುವವಳು ನಾನು. ಚಾಕುವಿಗಿಂತ ಸ್ಪ್ರೇ ವಾಸಿ, ಏಕೆಂದರೆ ನಾಲ್ಕು ಹೆಜ್ಜೆ ದೂರದಿಂದಲೇ ಬಳಸಬಹುದು. ಬ್ಯಾಗಿನ ತಳದಲ್ಲಿದ್ದರೆ ಪ್ರಯೋಜನವಿಲ್ಲ. ಷಟರ್ ಎಳೆಯುವ ಮೊದಲೇ ಜಾಕೆಟ್ಟಿನ ಜೇಬಿಗೆ ಬರಲಿ. ಗಾಳಿಗೆದುರಾಗಿ ಹೊಡೆದರೆ ನಮ್ಮ ಕಣ್ಣಿಗೇ ಬೀಳುತ್ತದೆ. ಬಯಲಿನಲ್ಲಿ ಒಮ್ಮೆ ಒತ್ತಿ ಎಷ್ಟು ದೂರ ಹೋಗುತ್ತದೆಂದು ನೋಡಿಕೊಳ್ಳಿ, ಡಬ್ಬಿಯ ಮೇಲಿನ ಅವಧಿ ಮುಗಿದಿದ್ದರೆ ಹೊಸತು ತನ್ನಿ. ಹೊಡೆದ ಮೇಲೆ ಅಲ್ಲಿ ನಿಲ್ಲದೆ ಜನರಿರುವ ಕಡೆಗೆ ಓಡಿ.
— ನರ್ಸ್, ಮಂಗಳೂರು