ಇಟಲಿಗೆ ಮೊಟ್ಟೆಯೂ ತಿನ್ನದ ಹಿರಿಯರ ಜೊತೆ: ರೋಮ್, ಬೊಲೊನ್ಯಾ, ಫ್ಲಾರೆನ್ಸ್‌ನ ಊಟ ಮತ್ತು ವೈನ್ ಬಗ್ಗೆ ಸಲಹೆ ಬೇಕು

ತುಂಗಾತೀರ:
ಅಕ್ಟೋಬರ್ ಎರಡನೇ ವಾರ ನಾಲ್ಕು ಜನ ಹೊರಟಿದ್ದೇವೆ. ರೋಮ್‌ನಲ್ಲಿ 3 ರಾತ್ರಿ, ಬೊಲೊನ್ಯಾದಲ್ಲಿ 2, ಫ್ಲಾರೆನ್ಸ್‌ನಲ್ಲಿ 4. ಅಪ್ಪ ಅಮ್ಮ ಪಕ್ಕಾ ಸಸ್ಯಾಹಾರಿಗಳು, ಮೊಟ್ಟೆಯೂ ಆಗುವುದಿಲ್ಲ, ಈರುಳ್ಳಿ ಬೆಳ್ಳುಳ್ಳಿಗೆ ಅಡ್ಡಿಯಿಲ್ಲ. ನಮ್ಮಿಬ್ಬರಿಗೆ ಎಲ್ಲವೂ ನಡೆಯುತ್ತದೆ. ಫ್ಲಾರೆನ್ಸ್ ಬಳಿಯ ವೈನ್ ಸೀಮೆ ಕಿಯಾಂತಿ ಕಡೆ ಒಂದು ದಿನ ವೈನ್ ರುಚಿ ನೋಡಬೇಕೆಂದಿದೆ, ಆದರೆ ಕಾರು ಬಾಡಿಗೆಗೆ ತೆಗೆದುಕೊಳ್ಳುವುದಿಲ್ಲ. ಹಿರಿಯರಿಗೆ ದಿನವೂ ಪಿಜ್ಜಾ ತಿನ್ನಿಸದೆ ಆಯಾ ಊರಿನ ಊಟ ಮಾಡಿಸಲು ಏನು ಕೇಳಬೇಕು, ಯಾವುದರಲ್ಲಿ ಮೋಸ ಹೋಗುತ್ತೇವೆ?

ಬೊಲೊನ್ಯಾ ಕನ್ನಡಿಗ:
ಮೊದಲು ಒಂದು ಮಾತು. ಅಲ್ಲಿ "ವೆಜೆತಾರಿಯಾನೊ" ಎಂದಷ್ಟೇ ಹೇಳಿದರೆ ಸಾಲದು. ಮಾಂಸದ ತುಂಡು ಬರುವುದಿಲ್ಲ, ಆದರೆ ಸಾರಿನ ನೀರು, ಕೊಬ್ಬು, ಪುಟ್ಟ ಮೀನು ಬರುತ್ತವೆ. ಹೀಗೆ ಹೇಳಿ: "ನೊನ್ ಮಾಂಜಾನೊ ಕಾರ್ನೆ, ಪೆಶ್ಶೆ, ಉವೋವಾ", ಅಂದರೆ ಇವರು ಮಾಂಸ, ಮೀನು, ಮೊಟ್ಟೆ ತಿನ್ನುವುದಿಲ್ಲ. ಅದರ ಹಿಂದೆಯೇ "ಸೆಂತ್ಸಾ ಬ್ರೋದೊ ದಿ ಕಾರ್ನೆ, ಸೆಂತ್ಸಾ ಸ್ತ್ರುತ್ತೊ, ಸೆಂತ್ಸಾ ಅಚ್ಚೂಗೆ" ಅನ್ನಿ. ಮಾಂಸದ ಸಾರು, ಹಂದಿ ಕೊಬ್ಬು, ಆಂಚೊವಿ ಮೀನು ಮೂರೂ ಬೇಡ ಎಂದಾಯಿತು. ಇದನ್ನು ಇಟಾಲಿಯನ್ನಿನಲ್ಲಿ ಬರೆದ ಚೀಟಿ ಅಪ್ಪನ ಜೇಬಿನಲ್ಲೂ ಒಂದಿರಲಿ.

ನಿಮ್ಮ ಮೂರು ಊರುಗಳಲ್ಲಿ ಹಿರಿಯರಿಗೆ ಕಷ್ಟವಾಗುವುದು ಬೊಲೊನ್ಯಾ. ಅಲ್ಲಿನ ತಾಜಾ ಪಾಸ್ತಾಗೆ 100 ಗ್ರಾಂ ಹಿಟ್ಟಿಗೆ ಒಂದು ಮೊಟ್ಟೆ ಎಂಬ ಲೆಕ್ಕ, ತಾಲ್ಯಾತೆಲ್ಲೆ, ಲಸಾನ್ಯ, ತೊರ್ತೆಲ್ಲೀನಿ ಯಾವುದೂ ಇದಕ್ಕೆ ಹೊರತಲ್ಲ. ಫ್ರಿಜ್ಜೋನೆ ಎಂಬ ಈರುಳ್ಳಿ-ಟೊಮೆಟೊ ಗೊಜ್ಜು ನೋಡಲು ನಮ್ಮ ಮನೆಯದೇ ಅನ್ನಿಸುತ್ತದೆ, ಹಳೆಯ ಕ್ರಮದಲ್ಲಿ ಅದನ್ನು ಬೇಯಿಸುವುದು ಹಂದಿ ಕೊಬ್ಬಿನಲ್ಲಿ. ಕ್ರೆಶೆಂತೀನೆ, ಪಿಯಾದೀನಾ ರೊಟ್ಟಿಗಳ ಹಿಟ್ಟಿಗೂ ಅದೇ ಬೀಳುತ್ತದೆ. ಪಿಯಾದೀನಾ ಎಣ್ಣೆಯಲ್ಲಿ ಕಲಸಿದ್ದೂ ಸಿಗುತ್ತದೆ, "ಅಲ್ಲೋಲ್ಯೊ?" ಎಂದು ಕೇಳಿ. ಒಣ ಪಾಸ್ತಾ ಗೋಧಿ ರವೆ ಮತ್ತು ನೀರಿನದು, ಮೊಟ್ಟೆ ಇರುವುದಿಲ್ಲ. "ಪಾಸ್ತಾ ದಿ ಸೇಮೊಲಾ ಅಲ್ ಪೊಮೊದೋರೊ", ಅಂದರೆ ಟೊಮೆಟೊ ಗೊಜ್ಜಿನ ರವೆ ಪಾಸ್ತಾ ಕೇಳಿದರೆ ಮೆನುವಿನಲ್ಲಿ ಇಲ್ಲದಿದ್ದರೂ ಬಹಳ ಕಡೆ ಮಾಡಿಕೊಡುತ್ತಾರೆ. ಹಾಗಾಗಿ ಬೊಲೊನ್ಯಾವನ್ನು ಒಂದು ರಾತ್ರಿಗೆ ಇಳಿಸುವುದೇ ಮೇಲು. ಫ್ಲಾರೆನ್ಸ್‌ನಿಂದ ವೇಗದ ರೈಲಿನಲ್ಲಿ ಹೆಚ್ಚುಕಡಿಮೆ 40 ನಿಮಿಷದ ದಾರಿ, ಹೋಗಿ ಬಂದರೂ ಆಗುತ್ತದೆ.

ಫ್ಲಾರೆನ್ಸ್ ಸುಲಭ. ರಿಬೊಲ್ಲೀತಾ ಅಂದರೆ ಕಪ್ಪು ಎಲೆಕೋಸು, ಬಿಳಿ ಬೀನ್ಸ್ ಕಾಳು, ಹಳೆಯ ಬ್ರೆಡ್ ಬೇಯಿಸಿದ ಗಟ್ಟಿ ಸಾರು. ಪಾಪ್ಪಾ ಅಲ್ ಪೊಮೊದೋರೊ ಟೊಮೆಟೊ-ಬ್ರೆಡ್ಡಿನದು. ಎರಡಕ್ಕೂ ಸಾರಿನ ಪ್ರಶ್ನೆ ಮಾತ್ರ ತಪ್ಪದೆ ಕೇಳಿ. ಬ್ರೆಡ್ಡಿಗೆ ಅಲ್ಲಿ ಉಪ್ಪೇ ಹಾಕುವುದಿಲ್ಲ, ಹಳಸಿದ್ದೆಂದು ತಿಳಿಯಬೇಡಿ, ಆಲಿವ್ ಎಣ್ಣೆ ಸುರಿದು ಉಪ್ಪು ಉದುರಿಸಿಕೊಳ್ಳಿ. ದ್ರಾಕ್ಷಿ ಕೊಯ್ಲಿನ ಕಾಲದಲ್ಲಿ ಬೇಕರಿಗಳಲ್ಲಿ ಸ್ಕ್ಯಾಚ್ಚಾತಾ ಅಲ್ಲೂವಾ ಸಿಗುತ್ತದೆ. ತೆಳು ಬ್ರೆಡ್ ಹಿಟ್ಟಿನ ನಡುವೆ ಬೀಜವಿರುವ ಕಪ್ಪು ದ್ರಾಕ್ಷಿ ತುಂಬಿ, ಸಕ್ಕರೆ ಉದುರಿಸಿ ಬೇಯಿಸಿದ್ದು, ರಸ ಒಡೆದು ಹಿಟ್ಟೆಲ್ಲ ನೇರಳೆಯಾಗಿರುತ್ತದೆ. ಅಕ್ಟೋಬರ್ ಮುಗಿಯುತ್ತ ಬಂದರೆ ಅದು ಕಾಣೆ, ಕಂಡ ದಿನವೇ ಕೊಳ್ಳಿ.

ಇನ್ನು ಚೀಸ್. ಪಾರ್ಮಿಜಾನೊ ರೆಜ್ಜಾನೊಗೆ ಕರುವಿನ ಹೊಟ್ಟೆಯ ರೆನ್ನೆಟ್ (ಹಾಲು ಹೆಪ್ಪುಗಟ್ಟಿಸುವ ಕಿಣ್ವ) ಹಾಕಲೇಬೇಕೆಂಬ ನಿಯಮವಿದೆ, ಪೆಕೊರೀನೊ ರೊಮಾನೊಗೆ ಕುರಿಮರಿಯದು. ರೋಮ್‌ನ ಚೀಸ್-ಕರಿಮೆಣಸಿನ ಪಾಸ್ತಾ ಕಾಚೊ ಎ ಪೇಪೆ ನಿಂತಿರುವುದೇ ಪೆಕೊರೀನೊ ಮೇಲೆ, ಜಿನೋವಾದ ಬೇಸಿಲ್ ಚಟ್ನಿ ಪೆಸ್ಟೊದಲ್ಲೂ ಇಂಥ ಚೀಸ್ ಇರುತ್ತದೆ. ಇದನ್ನು ಹಿರಿಯರಿಗೆ ಮೊದಲೇ ಹೇಳಿ, ತಿನ್ನಬೇಕೋ ಬೇಡವೋ ಅವರೇ ನಿರ್ಧರಿಸಲಿ. ಬೇಡವೆಂದರೆ "ಸೆಂತ್ಸಾ ಫೊರ್ಮಾಜ್ಜೊ" ಎಂದು ಸೇರಿಸಿ. ಆಗ ರೋಮ್‌ನಲ್ಲಿ ಬೆಳ್ಳುಳ್ಳಿ-ಎಣ್ಣೆಯ ಸ್ಪಗೆಟ್ಟಿ ಆಲ್ಯೊ ಎ ಓಲ್ಯೊ, ಖಾರದ ಟೊಮೆಟೊ ಗೊಜ್ಜಿನ ಪೆನ್ನೆ ಆರಬ್ಬ್ಯಾತಾ, ಚೀಸೇ ಇಲ್ಲದ ಪಿಜ್ಜಾ ಮರಿನಾರಾ ಆಗುತ್ತವೆ. ಸಿಹಿಯಲ್ಲಿ ತಿರಾಮಿಸುಗೆ ಹಸಿ ಮೊಟ್ಟೆ, ಪಾನ್ನಾ ಕೊತ್ತಾಗೆ ಪ್ರಾಣಿಮೂಲದ ಜೆಲಟಿನ್ ಇರುತ್ತದೆ. ಜೆಲಾಟೊ ಅಂಗಡಿಯಲ್ಲಿ ಹಣ್ಣಿನ ಸೊರ್ಬೆತ್ತೊ ಕೇಳಿ.

ದ್ರಾಕ್ಷಿತೋಟ:
ಊಟದ ವಿಷಯ ಮೇಲೆ ಬಂದಿದೆ, ನಾನು ವೈನ್ ಬಗ್ಗೆ ಹೇಳುತ್ತೇನೆ.

ಕಾರು ಬೇಡವೆಂದದ್ದು ಒಳ್ಳೆಯದಾಯಿತು. ಅಲ್ಲಿ ರಕ್ತದಲ್ಲಿ ಮದ್ಯದ ಮಿತಿ ಲೀಟರಿಗೆ 0.5 ಗ್ರಾಂ, ರುಚಿ ನೋಡುವಷ್ಟರಲ್ಲೇ ದಾಟಬಹುದು. ಮೇಲೆ ಊರೊಳಗಿನ ನಿರ್ಬಂಧಿತ ವಲಯಗಳ ಕ್ಯಾಮೆರಾ ದಂಡ ಬೇರೆ. ಫ್ಲಾರೆನ್ಸ್‌ನಿಂದ ಗ್ರೇವೆ ಇನ್ ಕಿಯಾಂತಿಗೆ ಬಸ್ಸಿದೆ, ಸುಮಾರು ಒಂದು ಗಂಟೆ. ಭಾನುವಾರ ಬಸ್ಸು ಕಡಿಮೆ, ಆ ದಿನ ಇಟ್ಟುಕೊಳ್ಳಬೇಡಿ. ಎಡವುವುದು ಬಸ್ಸಿನಿಂದ ಇಳಿದ ಮೇಲೆ: ಹಲವು ತೋಟಗಳು ನಿಲ್ದಾಣದಿಂದ ನಾಲ್ಕೈದು ಕಿಲೋಮೀಟರ್ ಗುಡ್ಡದ ಮೇಲಿರುತ್ತವೆ, ಕೈ ಬೀಸಿದರೆ ನಿಲ್ಲುವ ಟ್ಯಾಕ್ಸಿ ಇಲ್ಲ. ಬುಕ್ ಮಾಡುವಾಗಲೇ "ಬಸ್ ನಿಲ್ದಾಣದಿಂದ ಕರೆದುಕೊಂಡು ಹೋಗುತ್ತೀರಾ" ಎಂದು ಇಮೇಲ್‌ನಲ್ಲಿ ಕೇಳಿ, ಇಲ್ಲವೆಂದರೆ ನಡೆದು ಹೋಗುವಷ್ಟು ಹತ್ತಿರದ್ದನ್ನು ಹುಡುಕಿ. ನೀವು ಹೋಗುವಾಗ ಕೊಯ್ಲು ಮುಗಿಯುವ ಹೊತ್ತು, ತೋಟದವರಿಗೆ ಪುರುಸೊತ್ತಿರುವುದಿಲ್ಲ, ಹೇಳದೆ ಹೋದರೆ ಬಾಗಿಲಲ್ಲೇ ವಾಪಸ್ಸು. ಆದರೆ ತೊಟ್ಟಿಯಲ್ಲಿ ರಸ ಹುದುಗುತ್ತಿರುವುದು, ಮೇಲೆ ಸಿಪ್ಪೆಯ ದಪ್ಪ ಪದರ ಎದ್ದು ನಿಂತಿರುವುದು ಕಾಣಸಿಗುವುದು ಈ ಕಾಲದಲ್ಲಿ ಮಾತ್ರ. ದಿನಕ್ಕೆ ಎರಡು ತೋಟ ಸಾಕು, ಮೂರನೆಯದರಲ್ಲಿ ನಾಲಿಗೆ ಜಡವಾಗಿ ಎಲ್ಲ ವೈನೂ ಒಂದೇ ಅನ್ನಿಸುತ್ತದೆ. ಬಾಯಲ್ಲಿ ಆಡಿಸಿ ಉಗುಳುವ ಪಾತ್ರೆ ಮೇಜಿನ ಮೇಲೇ ಇರುತ್ತದೆ, ಸಂಕೋಚ ಬೇಡ.

ಬರೀ "ಕಿಯಾಂತಿ" ಬೇರೆ, "ಕಿಯಾಂತಿ ಕ್ಲಾಸಿಕೊ" ಬೇರೆ. ಕ್ಲಾಸಿಕೊ ಬಾಟಲಿಯ ಮೇಲೆ ಕಪ್ಪು ಹುಂಜದ ಗುರುತಿರುತ್ತದೆ, ಸಾಂಜೊವೇಸೆ ದ್ರಾಕ್ಷಿ ಕನಿಷ್ಠ 80%. ಒಂದೇ ತೋಟದ ಮೂರು ದರ್ಜೆಗಳನ್ನು ಸಾಲಾಗಿ ಕೊಡಲು ಕೇಳಿ: ಸಾಮಾನ್ಯದ್ದು ಕನಿಷ್ಠ 12 ತಿಂಗಳು, ರಿಸೇರ್ವಾ 24, ಗ್ರಾನ್ ಸೆಲೆತ್ಸ್ಯೋನೆ 30 ತಿಂಗಳು ಮಾಗಿದ್ದು. ವರ್ಷಗಳು ವೈನನ್ನು ಏನು ಮಾಡುತ್ತವೆ ಎಂಬುದು ಇದರಲ್ಲಿ ತಿಳಿದಷ್ಟು ಬೇರೆ ಯಾವುದರಲ್ಲೂ ತಿಳಿಯುವುದಿಲ್ಲ. ಊಟಕ್ಕೆ ಮಾತ್ರ ಬಾಟಲಿ ಬೇಕಾಗಿಲ್ಲ, ಮನೆ ವೈನನ್ನು "ಮೆದ್ಜೊ ಲೀತ್ರೊ", ಅಂದರೆ ಅರ್ಧ ಲೀಟರ್ ಹೂಜಿಯಲ್ಲಿ ಕೇಳಿ, ಇಬ್ಬರಿಗೆ ಸರಿಹೋಗುತ್ತದೆ.

ತುಂಗಾತೀರ:
ಇಬ್ಬರಿಗೂ ತುಂಬಾ ಧನ್ಯವಾದ. ಬೊಲೊನ್ಯಾ ಒಂದು ರಾತ್ರಿಗೆ ಇಳಿಸುತ್ತೇವೆ. ಊಟದ ಸಮಯ ಮತ್ತು ಬಿಲ್ ಬಗ್ಗೆ ಯಾರಾದರೂ ಹೇಳಿ. ಅಪ್ಪನಿಗೆ ರಾತ್ರಿ ಏಳಕ್ಕೇ ಊಟ ಆಗಬೇಕು.

ಸಿರಿಗನ್ನಡತಿ:
ಏಳಕ್ಕೆ ಹೆಚ್ಚಿನ ಅಡುಗೆಮನೆಗಳು ತೆರೆದಿರುವುದಿಲ್ಲ, ಏಳೂವರೆ ಮೇಲೆಯೇ. ಮಧ್ಯಾಹ್ನದ್ದು ಸುಮಾರು ಹನ್ನೆರಡೂವರೆಯಿಂದ ಎರಡೂವರೆ, ಆಮೇಲೆ ಒಲೆ ಆರಿಸುತ್ತಾರೆ. ಹಿರಿಯರಿಗೆ ಮಧ್ಯಾಹ್ನವೇ ಮುಖ್ಯ ಊಟ ಮಾಡಿಸಿ, ರಾತ್ರಿಗೆ ಸೂಪರ್ ಮಾರ್ಕೆಟ್‌ನಿಂದ ಹಣ್ಣು, ಬ್ರೆಡ್ ತನ್ನಿ. ಅಲ್ಲಿ ತರಕಾರಿ, ಹಣ್ಣನ್ನು ಬರಿಗೈಯಲ್ಲಿ ಮುಟ್ಟಬಾರದು. ಪಕ್ಕದಲ್ಲಿರುವ ಪ್ಲಾಸ್ಟಿಕ್ ಕೈಗವಸು ಹಾಕಿ ಆರಿಸಿ, ತೂಕದ ಯಂತ್ರದಲ್ಲಿ ಆ ಹಣ್ಣಿನ ಸಂಖ್ಯೆ ಒತ್ತಿ ಚೀಟಿ ಅಂಟಿಸಿಕೊಳ್ಳಬೇಕು. ಚೀಟಿ ಇಲ್ಲದೆ ಹೋದರೆ ಕೌಂಟರಿನಿಂದ ಹಿಂದಕ್ಕೆ ಕಳಿಸುತ್ತಾರೆ.

ಬೊಲೊನ್ಯಾ, ಫ್ಲಾರೆನ್ಸ್‌ನ ಬಿಲ್ಲಿನಲ್ಲಿ ಸಾಮಾನ್ಯವಾಗಿ ತಲೆಗೆ ಒಂದರಿಂದ ಮೂರು ಯೂರೊ "ಕೊಪೆರ್ತೊ", ಅಂದರೆ ಕೂರುವ ಶುಲ್ಕ ಬರುತ್ತದೆ. ಅದು ಮೋಸವಲ್ಲ, ಆದರೆ ಮೆನುವಿನಲ್ಲಿ ಬರೆದಿರಬೇಕು. ಟಿಪ್ಸ್ ಕಡ್ಡಾಯವಲ್ಲ. ನೀವು "ಇಲ್ ಕೊಂತೊ" ಎಂದು ಕೇಳುವವರೆಗೆ ಬಿಲ್ ತರುವುದಿಲ್ಲ, ಅವರ ಪ್ರಕಾರ ಕೇಳದೆ ತಂದಿಡುವುದು ಎಬ್ಬಿಸಿ ಕಳಿಸಿದಂತೆ. ಬೆಲೆಯ ಪಕ್ಕ "ಅಲ್ಲೆತ್ತೊ" ಎಂದಿದ್ದರೆ ಅದು 100 ಗ್ರಾಂಗೆ. ನೀವಿಬ್ಬರು ಫ್ಲಾರೆನ್ಸ್‌ನ ಬಿಸ್ತೆಕ್ಕಾ (ದನದ ಮಾಂಸದ ದಪ್ಪ ತುಂಡು) ಕೇಳುವುದಾದರೆ ಒಂದು ತುಂಡೇ ಕಿಲೋ ದಾಟುತ್ತದೆ, ತೂಗಿ ತೋರಿಸಿದ ಮೇಲೆ ಒಪ್ಪಿ. ಕಾಫಿ ಕೌಂಟರಿನಲ್ಲಿ ನಿಂತು ಕುಡಿದರೆ ಒಂದು ಬೆಲೆ, ಕೂತರೆ ಎರಡು ಮೂರು ಪಟ್ಟು ಆಗಬಹುದು. ಜನ ಹೆಚ್ಚಿರುವ ಕಡೆ ಮೊದಲು ಕ್ಯಾಷಿಯರ್ ಬಳಿ ದುಡ್ಡು ಕಟ್ಟಿ, ರಸೀದಿಯನ್ನು ಕೌಂಟರಿನ ಮೇಲಿಟ್ಟು ಕೇಳಬೇಕು.

ಬ್ಯಾಗು ಕಟ್ಟುವಾಗ: ತುಪ್ಪ, ಪೇಡೆ, ಹಾಲಿನ ಪುಡಿ ಬೇಡ. ಭಾರತದಿಂದ ಯುರೋಪಿಯನ್ ಒಕ್ಕೂಟದೊಳಕ್ಕೆ ಪ್ರಯಾಣಿಕರು ಹಾಲಿನ ಪದಾರ್ಥ ತರುವಂತಿಲ್ಲ. ಹಸಿ ಕರಿಬೇವನ್ನೂ ಬಿಡಿ. ಚಟ್ನಿಪುಡಿ, ಅವಲಕ್ಕಿ ಧಾರಾಳವಾಗಿ ಒಯ್ಯಿರಿ. ಬರುವಾಗ ಭಾರತದ ಕಸ್ಟಮ್ಸ್‌ನಲ್ಲಿ ಒಬ್ಬರಿಗೆ 2 ಲೀಟರ್ ಮದ್ಯಕ್ಕೆ ಸುಂಕವಿಲ್ಲ. ವೈನ್ ಬಾಟಲಿ 750 ಮಿಲಿ, ಹಾಗಾಗಿ ತಲೆಗೆ ಎರಡು, ಮೂರನೆಯದಕ್ಕೆ ಸುಂಕ ಬೀಳುತ್ತದೆ. ಅವನ್ನು ಚೆಕ್-ಇನ್ ಬ್ಯಾಗಿನ ನಡುವೆ, ಎಲ್ಲ ಕಡೆಯಿಂದಲೂ ಬಟ್ಟೆ ಒತ್ತಿಕೊಂಡಿರುವಂತೆ ಮಲಗಿಸಿ.