ಪದಚರ್ಚೆ: ಚಿಪ್ಪಿನ ‘ಪವರ್’ ಮತ್ತು ಅದರ ಸುತ್ತಲಿನ ಮಾತುಗಳು

ಬಳಗದವರಿಗೆಲ್ಲ ನಮಸ್ಕಾರ.

ಡಿಪ್ಲೊಮಾ ಓದುವ ಮಕ್ಕಳಿಗಾಗಿ ಡಿಜಿಟಲ್ ಸರ್ಕ್ಯೂಟ್‌ಗಳ ಪಾಠವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಚಿಪ್ ಎಷ್ಟು ಪವರ್ ಎಳೆಯುತ್ತದೆಂದು ಅಂದಾಜು ಮಾಡುವುದು, ಅದನ್ನು ತಗ್ಗಿಸುವುದು ಹೇಗೆ ಅನ್ನುವ ಭಾಗದಲ್ಲಿ ಪದಗಳು ಸರಿಯಾಗಿ ಕೂರುತ್ತಿಲ್ಲ.

ಮೊದಲು ‘ಪವರ್’ ಅನ್ನೇ ತೆಗೆದುಕೊಳ್ಳಿ. ಶಾಲೆಯ ಪಾಠಗಳಲ್ಲಿ ಎನರ್ಜಿಗೆ ಶಕ್ತಿ, ಪವರ್‌ಗೆ ಸಾಮರ್ಥ್ಯ. ಆದರೆ ‘ಚಿಪ್ಪಿನ ಸಾಮರ್ಥ್ಯ ಇಳಿಸುವುದು ಹೇಗೆ’ ಎಂದು ಬರೆದರೆ, ಚಿಪ್ಪನ್ನು ಕೈಲಾಗದಂತೆ ಮಾಡುವುದು ಎಂದಾಗುತ್ತದೆ, ಅಲ್ವಾ? ಹೋಗಲಿ, ಎರಡಕ್ಕೂ ಶಕ್ತಿ ಎನ್ನೋಣವೆಂದರೆ ವಿಷಯವೇ ಕೆಡುತ್ತದೆ. ಚಿಪ್ಪಿನ ಕೆಲಸಕ್ಕೆ ತಾಳ ಹಾಕುವ ಕ್ಲಾಕ್‌ನ ವೇಗವನ್ನು ಅರ್ಧ ಮಾಡಿದೆವು ಅನ್ನಿ. ಬಿಟ್‌ಗಳು ಹೊರಳಲು (ಸೊನ್ನೆ ಒಂದಾಗಲು, ಒಂದು ಸೊನ್ನೆಯಾಗಲು) ಬೇಕಾದ ವ್ಯಾಟ್, ಅಂದರೆ ಪವರ್, ಅರ್ಧವಾಗುತ್ತದೆ. ಆದರೆ ಅದೇ ಕೆಲಸ ಮುಗಿಯಲು ಎರಡರಷ್ಟು ಹೊತ್ತು ಬೇಕು. ಬಿಟ್‌ಗಳು ಹೊರಳುವುದು ಅಷ್ಟೇ ಸಲ, ಅದಕ್ಕೆ ಹೋಗುವ ಜೂಲ್‌ಗಳೂ, ಅಂದರೆ ಎನರ್ಜಿಯೂ, ಅಷ್ಟೇ. ಬ್ಯಾಟರಿಗೆ ಏನೂ ಉಳಿಯಲಿಲ್ಲ. ವೇಗದ ಜೊತೆ ವೋಲ್ಟೇಜನ್ನೂ ಇಳಿಸಿದರೆ ಮಾತ್ರ ಲಾಭ: 1 ವೋಲ್ಟ್ 0.8ಕ್ಕೆ ಇಳಿದರೆ, ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ, ಪ್ರತಿ ಹೊರಳಿನ ಖರ್ಚು ಶೇ. 64ಕ್ಕೆ ಬರುತ್ತದೆ. ವ್ಯಾಟ್‌ಗೂ ಜೂಲ್‌ಗೂ ಒಂದೇ ಹೆಸರಿದ್ದರೆ ಇದನ್ನು ಮಕ್ಕಳಿಗೆ ಹೇಳುವುದು ಹೇಗೆ? ಸದ್ಯಕ್ಕೆ ‘ಪವರ್’ ಎಂದೇ ಉಳಿಸಿಕೊಂಡಿದ್ದೇನೆ. ‘ಕರೆಂಟ್’ ಎನ್ನೋಣವೆಂದರೆ ಆಂಪಿಯರ್ ಲೆಕ್ಕ ಅಡ್ಡ ಬರುತ್ತದೆ.

ಎರಡನೆಯದು ಇನ್ನೂ ತೊಡಕಿನದು. ಬಿಟ್ ಹೊರಳುವಾಗ ಖರ್ಚಾಗುವ ಡೈನಮಿಕ್ ಪವರ್ ಅನ್ನು ‘ಚಲನ ಶಕ್ತಿ’ ಎಂದರೆ ಅದು ಓಡುವ ಬಸ್ಸಿನ ಶಕ್ತಿ. ಹೊರಳದಿದ್ದಾಗಲೂ ಹೋಗುವ ಸ್ಟ್ಯಾಟಿಕ್ ಪವರ್ ‘ಸ್ಥಿರ ವಿದ್ಯುತ್’ ಆದರೆ, ಅದು ತಲೆಗೆ ಉಜ್ಜಿದ ಬಾಚಣಿಗೆ ಕಾಗದದ ಚೂರು ಎಳೆಯುವ ವಿದ್ಯುತ್. ಎರಡು ಹೆಸರೂ ಆಗಲೇ ಬೇರೆಯವಕ್ಕೆ ಸಂದಿವೆ. ಹಾಗಾಗಿ ಆಗುವ ಕೆಲಸವನ್ನೇ ನೋಡಿ ಹೆಸರಿಡುವುದು ಮೇಲು ಅನ್ನಿಸುತ್ತದೆ. ಬಿಟ್ ಸೊನ್ನೆಯಿಂದ ಒಂದಕ್ಕೆ, ಮತ್ತೆ ಸೊನ್ನೆಗೆ ಹೋಗುವಾಗ ತಂತಿಗಳ ಮತ್ತು ಗೇಟ್‌ಗಳ ಧಾರಕತೆ, ಅಂದರೆ ಚಾರ್ಜ್ ಹಿಡಿದಿಡುವ ಜಾಗ, ತುಂಬಿ ಖಾಲಿಯಾಗುತ್ತದೆ. ಅದು ‘ಹೊರಳು ಖರ್ಚು’. ಸ್ವಿಚ್ಚಿನಂತಿರುವ ಟ್ರಾನ್ಸಿಸ್ಟರ್ ಆಫ್ ಆಗಿದ್ದಾಗಲೂ ಒಳಗೊಳಗೇ ಹರಿದುಹೋಗುವುದು ‘ಸೋರಿಕೆ’. ಒಂದು ಕ್ಲಾಕ್ ಸುತ್ತಿಗೆ ಸರಾಸರಿ ಎಷ್ಟು ಸಲ ಬಿಟ್ ಸೊನ್ನೆಯಿಂದ ಒಂದಕ್ಕೆ ಏರುತ್ತದೆ ಎನ್ನುವುದಕ್ಕೆ ‘ಹೊರಳುಪಾಲು’ ಎಂದಿದ್ದೇನೆ. ಅಂದಾಜಿನಲ್ಲಿ ಎಡವುವುದು ಹೆಚ್ಚಾಗಿ ಇಲ್ಲೇ. ಕ್ಲಾಕ್ ತಂತಿಯದು 1, ಪ್ರತಿ ಸುತ್ತಿಗೂ ಏರುತ್ತದೆ. ಡೇಟಾ ತಂತಿಗಳದು ಸಾಮಾನ್ಯವಾಗಿ ಎಷ್ಟೋ ಕಡಿಮೆ. ಇದರ ಜೊತೆಗೆ ಇನ್ನೊಂದಿದೆ: ಲಾಜಿಕ್ ಗೇಟಿನ (ಬಿಟ್‌ಗಳನ್ನು ಕೂಡಿಸಿ ನೋಡುವ ಪುಟ್ಟ ಸರ್ಕ್ಯೂಟಿನ) ಎರಡು ಇನ್‌ಪುಟ್ ಹಿಂದೆಮುಂದೆ ಬಂದರೆ ಔಟ್‌ಪುಟ್ ಸುಮ್ನೆ ಒಮ್ಮೆ ಹೊರಳಿ ಮರಳುತ್ತದೆ. ಗುಣಾಕಾರ ಮಾಡುವ ಸರ್ಕ್ಯೂಟ್‌ಗಳಲ್ಲಿ ಇದು ಜಾಸ್ತಿ. ಗ್ಲಿಚ್ ಎನ್ನುವ ಇದನ್ನು ‘ಹುಸಿ ಹೊರಳು’ ಎನ್ನಬಹುದೇ?

ಕೊನೆಯದು ಗೇಟಿಂಗ್. ಕೆಲಸವಿಲ್ಲದ ಭಾಗಕ್ಕೆ ಕ್ಲಾಕ್ ಹೋಗದಂತೆ ತಡೆದರೆ ಕ್ಲಾಕ್ ಗೇಟಿಂಗ್. ಇದರಿಂದ ಹೊರಳು ಖರ್ಚು ಉಳಿಯುತ್ತದೆ, ಸೋರಿಕೆ ನಿಲ್ಲುವುದಿಲ್ಲ. ಪೂರೈಕೆಯನ್ನೇ ಕಡಿದರೆ ಪವರ್ ಗೇಟಿಂಗ್. ಆಗ ಸೋರಿಕೆಯೂ ಬಹುಪಾಲು ನಿಲ್ಲುತ್ತದೆ, ಆದರೆ ಬೇರೆ ಏರ್ಪಾಡಿಲ್ಲದಿದ್ದರೆ ಒಳಗಿದ್ದ ಬಿಟ್‌ಗಳು ಅಳಿಸಿಹೋಗುತ್ತವೆ. ‘ದ್ವಾರ’ ಎಂದರೆ ಲಾಜಿಕ್ ಗೇಟ್ ಜೊತೆ ಗೊಂದಲವಾಗುತ್ತದೆ. ಕೆರೆಯಿಂದ ನೀರು ಬಿಡುವ ತೂಬು ನೆನಪಾಯಿತು: ‘ಕ್ಲಾಕ್ ತೂಬು’, ‘ಪವರ್ ತೂಬು’. ತೆರೆಯುವುದು, ಮುಚ್ಚುವುದು ಎರಡೂ ಆ ಪದದಲ್ಲೇ ಇದೆ.

ತೂಬು ಎನ್ನುವ ಮಾತು ನಿಮ್ಮ ಕಡೆ ಈಗಲೂ ಬಳಕೆಯಲ್ಲಿದೆಯೇ? ಕೆರೆಯಿಲ್ಲದ ಊರಿನ ಮಕ್ಕಳಿಗೂ ತಿಳಿಯುತ್ತದೆಯೇ? ವ್ಯಾಟ್ ಲೆಕ್ಕದ ಪವರ್‌ಗೆ ಯಾರಾದರೂ ಒಳ್ಳೆಯ ಪದ ಬಳಸಿದ್ದರೆ, ಅದನ್ನು ಒಂದು ಪೂರ್ತಿ ವಾಕ್ಯದಲ್ಲಿ ಇಟ್ಟು ಕಳಿಸಿ.