ಅಪ್‌ಡೇಟ್: ದೂರಶಿಕ್ಷಣದ ಫೀಸಿಗೆ ತೆರಿಗೆ ವಿನಾಯಿತಿ ಸಿಕ್ಕಿತಾ?

ಹಿಂದೆ ಕೇಳಿದ್ದೆ: ಉಡುಪಿಯಲ್ಲಿ ಕೆಲಸ ಮಾಡ್ತಾ ದೂರಶಿಕ್ಷಣದಲ್ಲಿ ಎಂ.ಕಾಂ. ಓದ್ತಿದ್ದೇನೆ, ಫೀಸಿಗೆ ಬ್ಯಾಂಕಿನಿಂದ ಶಿಕ್ಷಣ ಸಾಲ ತೆಗೆದಿದ್ದೇನೆ, ತೆರಿಗೆಯಲ್ಲಿ ಏನಾದರೂ ಉಳಿಯುತ್ತಾ ಅಂತ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್. ಫೀಸಿನ ರಶೀದಿಗಳ ಕಟ್ಟು ಹಿಡ್ಕೊಂಡು ಮೊನ್ನೆ ಆಡಿಟರ್ ಹತ್ರ ಹೋಗಿ ಬಂದೆ.

ಆದಾಯ ತೆರಿಗೆ ಕಾಯ್ದೆಯ (1961ರದ್ದು) 80ಸಿ ಕಲಮಿನ ಆಸೆ ಮೊದಲೇ ಮುಗೀತು. ಅದರಲ್ಲಿ ಓದಿನ ಖರ್ಚು ಅಂದ್ರೆ ಮಕ್ಕಳ ಟ್ಯೂಷನ್ ಫೀಸು ಮಾತ್ರ, ಅದೂ ಪೂರ್ಣಾವಧಿ ಕೋರ್ಸ್ ಆಗಿರಬೇಕು. ನನ್ನ ಓದಿನ ಫೀಸು ಲೆಕ್ಕಕ್ಕೇ ಇಲ್ಲ.

ಶಿಕ್ಷಣ ಸಾಲದ ಬಡ್ಡಿಗೆ ವಿನಾಯಿತಿ ಕೊಡುವ 80ಇ ಕಲಂ ಮಾತ್ರ ನಿಮ್ಮಲ್ಲಿ ಕೆಲವರು ಹೇಳಿದ ಹಾಗೇ. ಪಿಯುಸಿ ನಂತರದ ಓದು ಆದರಾಯ್ತು, ಪೂರ್ಣಾವಧಿಯೇ ಆಗಬೇಕೆಂಬ ಷರತ್ತಿಲ್ಲ. ಕಟ್ಟಿದ ಬಡ್ಡಿಯಷ್ಟೂ ಆದಾಯದಿಂದ ಕಳೆಯಬಹುದು, ಮಿತಿ ಇಲ್ಲ; ಬಡ್ಡಿ ಕಟ್ಟಲು ಶುರುಮಾಡಿದ ವರ್ಷವೂ ಸೇರಿ 8 ವರ್ಷ. ಸಾಲದ ಅಸಲು ಮೊತ್ತಕ್ಕೆ ಈ ವಿನಾಯಿತಿ ಇಲ್ಲ.

ಖುಷಿಯಲ್ಲಿದ್ದೆ ಮಾರಾಯ್ರೆ! ಆಗ ಆಡಿಟರ್ ನಕ್ಕು, "ಇದು ಇಂಥ ವಿನಾಯಿತಿಗಳನ್ನು ಕಳೆದು ಲೆಕ್ಕ ಹಾಕುವ ಹಳೆಯ ತೆರಿಗೆ ಪದ್ಧತಿಗೆ ಮಾತ್ರ. ನಿಮ್ಮ ಸಂಬಳಕ್ಕೆ ಹೊಸ ಪದ್ಧತಿಯಲ್ಲಿ ತೆರಿಗೆಯೇ ಬರುವುದಿಲ್ಲ, ಎಲ್ಲಿಂದ ಕಳೆಯುವುದು?" ಅಂದ್ರು. ಹೌದಲ್ಲ, ಹೊಸ ಪದ್ಧತಿಯಲ್ಲಿ 2025-26ರಿಂದ 12 ಲಕ್ಷದವರೆಗಿನ ಆದಾಯಕ್ಕೆ ರಿಬೇಟ್, ಅಂದ್ರೆ ತೆರಿಗೆ ಮನ್ನಾ, ಉಂಟು.

ಹೊಟ್ಟೆ ಉರಿದದ್ದು ಬೇರೆ ವಿಷಯಕ್ಕೆ. ನಮ್ಮ ಯಜಮಾನ್ರು ಮನೆ ಸಾಲದಿಂದಾಗಿ ಹಳೆಯ ಪದ್ಧತಿಯಲ್ಲೇ ಇದ್ದಾರೆ. ಹೆಂಡತಿಯ ಓದಿಗೆ ಗಂಡ ಸಾಲ ತೆಗೆದು ಬಡ್ಡಿ ಕಟ್ಟಿದರೂ 80ಇ ಸಿಗ್ತದಂತೆ. "ನನ್ನ ಓದು, ನನ್ನದೇ ಸಾಲ" ಅಂತ ಹಟ ಹಿಡಿದು ನನ್ನ ಹೆಸರಲ್ಲಿ ತೆಗೆದವಳು ನಾನೇ. ಅವರು ಈಗ ದಿನಾ ನೆನಪಿಸ್ತಾರೆ.